ಮೂರು ವರ್ಷ ಓಡಿದ ‘ಎಂಟೂವರೆ ಬಸ್ಸು’

ನಾನು ಗಣಿತದ ಅಕ್ಕೋರು, ಅಂದರೆ ಟೀಚರು. ಗಣಿತದಲ್ಲಿ ಒಂದು ಸುಖವಿದೆ, ಒಂದೇ ಲೆಕ್ಕವನ್ನು ನೂರು ಸಲ ಮಾಡಿದರೂ ಉತ್ತರ ಬದಲಾಗುವುದಿಲ್ಲ. ನಾಟಕ ಆಡಿಸಲು ಹೊರಟ ಮೇಲೆ ನನ್ನ ಆ ಸುಖ ಹೋಯಿತು. ಒಂದೇ ನಾಟಕವನ್ನು ಮೂರು ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂತ ಹೊತ್ತು ತಿರುಗಿದೆ. ಪ್ರತಿ ಸಲ ಏನಾದರೊಂದು ಆಗಿಯೇ ಆಗುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿದ್ದದ್ದು ತಲೆನೋವು.

ಶುರುವಾದದ್ದು ತೊಂಬತ್ತರ ದಶಕದ ಕೊನೆಗೆ, ಕಾನಸೂರು ಕಡೆಯ ನಮ್ಮ ಹೈಸ್ಕೂಲಿನ ವಾರ್ಷಿಕ ಗ್ಯಾದರಿಂಗಿಗಾಗಿ. “ಅಕ್ಕೋರೆ, ಈ ಸಲ ಒಂದು ಹಾಡಿನ ನಾಟಕ ಇರಲಿ. ನಿಮಗೆ ಹೇಗೂ ಹಾರ್ಮೋನಿಯಂ ಬರ್ತದೆ” ಅಂದರು ಹೆಡ್‌ಮಾಸ್ತರು. ನನಗೆ ಬರುತ್ತಿದ್ದದ್ದು ಎರಡು ಭಜನೆ. ಆ ಧೈರ್ಯದ ಮೇಲೆಯೇ ‘ಎಂಟೂವರೆ ಬಸ್ಸು’ ಬರೆದೆ. ಐವತ್ತು ನಿಮಿಷ, ಐದು ಪಾತ್ರ, ಒಂಬತ್ತು ಹಾಡು. ಹದಿನೇಳರ ಹುಡುಗಿಯೊಬ್ಬಳಿಗೆ ಪರ ಊರಿಗೆ ಹೋಗಿ ಓದಿ ಟೀಚರಾಗುವ ಆಸೆ. ಅಪ್ಪ ಬೇಡ ಅನ್ನುತ್ತಾನೆ. ಕೊನೆಗೆ ಎರಡು ಪ್ರಶ್ನೆ ಕೇಳಿ, ಎರಡು ಉತ್ತರಕ್ಕೆ ಕರಗಿ, ತಾನೇ ಅವಳ ಟ್ರಂಕು ಹೊತ್ತು ಬೆಳಗಿನ ಎಂಟೂವರೆ ಬಸ್ಸಿಗೆ ಹತ್ತಿಸುತ್ತಾನೆ. ಇಷ್ಟೇ ಕಥೆ.

ಹುಡುಗಿಯ ಪಾತ್ರಕ್ಕೆ ಹತ್ತನೇ ಇಯತ್ತೆಯ ಒಂದು ಜಾಣ ಹುಡುಗಿ ಸಿಕ್ಕಳು. ಅಪ್ಪನ ಪಾತ್ರಕ್ಕೆ ಅವಳ ಸ್ವಂತ ಅಪ್ಪನೇ ಒದಗಿದರು. ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ ಕುಳಿತಲ್ಲೇ ಮಾತಿನಿಂದ ಪ್ರಸಂಗ ನಡೆಸುವವರು, ವಾದದಲ್ಲಿ ಎದುರು ಕುಳಿತವರ ಬೆವರಿಳಿಸುವುದರಲ್ಲಿ ಮೂರು ತಾಲೂಕಿಗೆ ಹೆಸರಾದವರು. ಆ ಹುಡುಗಿಗೆ ಆಗಲೇ ಒಂದು ಆಸೆ ಇತ್ತು: ಪಿಯುಸಿ ಮುಗಿಸಿ ಧಾರವಾಡಕ್ಕೆ ಹೋಗಿ ಕೃಷಿ ಓದಬೇಕು. ಅಪ್ಪನದು ಹವ್ಯಕ ಭಾಷೆಯಲ್ಲಿ ಒಂದೇ ಮಾತು, “ಕೃಷಿ ಕಲಿಯಲೆ ಧಾರವಾಡಕ್ಕೆ ಎಂತಕ್ಕೆ? ಗದ್ದೆ ಇಲ್ಲೇ ಇದ್ದು.”

ವಿಚಿತ್ರವೆಂದರೆ ರಂಗದ ಮೇಲೆ ಮಗಳ ಟ್ರಂಕು ಎತ್ತುವಾಗ ಅವರು ಪ್ರತಿ ಸಲವೂ ನಿಜವಾಗಿ ಅಳುತ್ತಿದ್ದರು. ಮನೆಗೆ ಹೋದರೆ ಮತ್ತದೇ ಗದ್ದೆಯ ಮಾತು. ಒಮ್ಮೆ ಕೇಳಿಯೇಬಿಟ್ಟೆ. “ಅಲ್ಲಿ ಆನು ಪಾತ್ರ ಅಕ್ಕೋರೆ, ಇಲ್ಲಿ ಅಪ್ಪ” ಅಂದರು. ನನಗೆ ಸಿಟ್ಟು ಬಂತು, ಆದರೆ ಅಷ್ಟು ಚೆನ್ನಾಗಿ ಅಳುವ ಇನ್ನೊಬ್ಬ ಅಪ್ಪ ನನಗೆಲ್ಲಿ ಸಿಗಬೇಕು?

ಒಂದು: ಬಸ್ಸಿಗೆ ಕಾಯುವುದು

ಹಾಡಲು ಊರಿನ ಯಕ್ಷಗಾನದ ಭಾಗವತರನ್ನು ಕರೆದಿದ್ದೆ, ಜೊತೆಗೆ ಒಂದು ಮದ್ದಳೆ. ನಾಟಕದ ಮೊದಲ ಹಾಡು, ಹುಡುಗಿ ಬಸ್ಸಿಗೆ ಕಾಯುತ್ತ ನಿಂತದ್ದು. ಎರಡು ಸಾಲು ಹಾಡಿ ನಿಲ್ಲಿಸಬೇಕು, ಅವಳು ಮಾತಾಡಬೇಕು. ತಾಲೀಮಿನಲ್ಲಿ ಎಲ್ಲ ಸರಿಯಾಗಿತ್ತು.

ಗ್ಯಾದರಿಂಗಿನ ದಿನ ಎದುರಿಗೆ ಜನ ಕಂಡದ್ದೇ ಭಾಗವತರ ನಲವತ್ತು ವರ್ಷದ ಅಭ್ಯಾಸ ಎದ್ದು ಕುಳಿತಿತು. ಪಾತ್ರ ಕುಣಿದು ಮುಗಿಸುವ ತನಕ ಪದ್ಯ ಬಿಡುವ ಜಾಯಮಾನ ಅವರದಲ್ಲ. ಹುಡುಗಿಯೋ ಹಾಡು ನಿಲ್ಲಲೆಂದು ಕಾಯುತ್ತ ಕಂಬದಂತೆ ನಿಂತಿದ್ದಳು. ಇವರು ಆಕೆ ಕುಣಿಯಲೆಂದು ಕಾಯುತ್ತ ಅದೇ ಸಾಲನ್ನು ಎತ್ತೆತ್ತಿ ಹಾಡಿದರು. ಏಳನೇ ಸಲಕ್ಕೆ ಮದ್ದಳೆಯವರು ಸನ್ನೆ ಮಾಡಿ ಪ್ರಯಾಣದ ಕುಣಿತಕ್ಕೆ ಬಾರಿಸಿದರು. ಪಾಪ, ಮಗು ಬೇರೆ ದಾರಿ ಕಾಣದೆ ಪುಸ್ತಕದ ಚೀಲ ಹೆಗಲಿಗೇರಿಸಿ ಕುಣಿಯತೊಡಗಿತು. ರಂಗಕ್ಕೆ ನಾಲ್ಕು ಸುತ್ತು. ಜನ ಚಪ್ಪಾಳೆ ತಟ್ಟಿದಷ್ಟೂ ಭಾಗವತರಿಗೆ ಹುರುಪು.

ಐದನೇ ಸುತ್ತಿಗೆ ಎದುರು ಬೆಂಚಿನ ಅಜ್ಜರೊಬ್ಬರು ಎದ್ದು ನಿಂತು ಹೇಳಿದರು, “ಸಾಕು ತಂಗಿ, ಇನ್ನು ಬಸ್ಸು ಎಂತಕ್ಕೆ? ನೀನು ಕುಣಿದೇ ಶಿರಸಿ ದಾಟಿದೆ.”

ಎರಡು: ಐವತ್ತು ನಿಮಿಷ

ಸಿದ್ದಾಪುರದಲ್ಲಿ ಒಂದು ಸಂಘದವರು ಸಂಜೆ ಐದಕ್ಕೆ ನಮ್ಮ ನಾಟಕ ಇಟ್ಟುಕೊಂಡಿದ್ದರು. ಒಳ್ಳೇ ಜನ ಸೇರಿತ್ತು. ಆ ದಿನ ಭಾಗವತರೂ ಹಿಡಿತದಲ್ಲಿದ್ದರು. ಐದು ಐವತ್ತಕ್ಕೆ ಸರಿಯಾಗಿ ಬಸ್ಸು ಹೊರಟಿತು, ಪರದೆ ಬಿತ್ತು. ಗಣಿತದವಳಿಗೆ ಇದಕ್ಕಿಂತ ಏನು ಬೇಕು?

ಒಬ್ಬರೂ ಏಳಲಿಲ್ಲ. ಚಪ್ಪಾಳೆಯೂ ಇಲ್ಲ. ಹೆಂಗಸರು ಎಲೆಯಡಿಕೆ ಕವಳದ ಸಂಚಿ ಬಿಚ್ಚಿ ಆರಾಮಾಗಿ ಕುಳಿತಿದ್ದರು. ಕಾಲು ಗಂಟೆ ಕಳೆಯಿತು. ನಾನು ಪರದೆಯ ಸಂದಿಯಿಂದ ಇಣುಕುವುದು, ಅವರು ಪರದೆಯನ್ನೇ ನೋಡುವುದು. ಕಡೆಗೆ ಸಂಘದ ಅಧ್ಯಕ್ಷರು ಒಳಗೆ ಬಂದು ಬಹಳ ವಿನಯದಿಂದ ಕೇಳಿದರು, “ಅಕ್ಕೋರೆ, ಪೂರ್ವರಂಗ ಚಂದ ಆತು. ಪ್ರಸಂಗ ಯಾವಾಗ ಶುರು?”

ಬೆಳಗಿನ ತನಕ ಯಕ್ಷಗಾನ ನೋಡುವ ಜನ, ಐವತ್ತು ನಿಮಿಷಕ್ಕೆ ಮುಗಿಯಿತು ಅಂದರೆ ಯಾರೂ ನಂಬುವ ಹಾಗಿರಲಿಲ್ಲ. ಬೇರೆ ಉಪಾಯ ತೋಚದೆ ಅದೇ ನಾಟಕವನ್ನು ಮೊದಲಿಂದ ಮತ್ತೊಮ್ಮೆ ಆಡಿದೆವು. ಈ ಸಲ ಚಪ್ಪಾಳೆ ಬಿತ್ತು. ಹೋಗುವಾಗ ಒಬ್ಬ ಅಮ್ಮ ನನ್ನ ಕೈ ಹಿಡಿದು ಹೇಳಿದರು, “ಎರಡನೇದು ಒಳ್ಳೇದಿತ್ತು. ಮೊದಲಿನದರಲ್ಲಿ ಅಷ್ಟು ಹುರುಳಿಲ್ಲೆ.”

ಮೂರು: ಕಣ

ತಾಯಿಯ ಪಾತ್ರಕ್ಕೆ ಯಾವ ಹೆಂಗಸೂ ಒಪ್ಪಲಿಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟುವ ಒಬ್ಬರನ್ನು ಹಿಡಿದು ತಂದೆ. ಸೀರೆ ಉಟ್ಟು ನಿಂತರೆ ನನಗೇ ಹೊಟ್ಟೆಕಿಚ್ಚು ಬರುವಂಥ ರೂಪ.

ಶಿರಸಿಯ ಪ್ರಯೋಗ ಮುಗಿದ ಮೇಲೆ ಮಹಿಳಾ ಮಂಡಳದವರು ಒಳಗೆ ಬಂದು ಪಾತ್ರ ಮಾಡಿದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಹಚ್ಚಿ ಒಂದೊಂದು ಕಣ ಕೊಟ್ಟರು. ರೇಷ್ಮೆಯ ರವಿಕೆ ಕಣ. ನಮ್ಮ ತಾಯಿ ಪಾತ್ರದವರು ತಲೆ ತಗ್ಗಿಸಿ, ಸೆರಗು ಒಡ್ಡಿ, ಬಾಯಿ ಬಿಡದೆ ತೆಗೆದುಕೊಂಡರು. ಬಾಯಿ ಬಿಟ್ಟರೆ ಗಡಸು ಗಂಟಲು ಹೊರಬೀಳುತ್ತಿತ್ತು. “ಎಷ್ಟು ಮರ್ಯಾದಸ್ಥೆ” ಅಂತ ಮಂಡಳದವರು ಹೊಗಳಿ ಹೋದರು.

ಮರುವಾರ ತಾಲೀಮಿಗೆ ಆ ವೇಷಧಾರಿ ಮುಖ ಸಪ್ಪಗೆ ಮಾಡಿಕೊಂಡು ಬಂದರು. ಏನಾಯಿತು ಅಂದೆ. “ಕಣ ಹೆಂಡ್ತಿಗೆ ಕೊಟ್ಟೆ ಅಕ್ಕೋರೆ. ಯಾರು ಕೊಟ್ರು ಅಂತ ಕೇಳಿದ್ಲು. ಶಿರಸಿಯಲ್ಲಿ ಹತ್ತು ಜನ ಹೆಂಗಸ್ರು ಸೇರಿ ಕೊಟ್ರು ಅಂದೆ. ಮೂರು ದಿನದಿಂದ ನನಗೆ ಅಡುಗೆ ಇಲ್ಲ.”

ನಾಲ್ಕು: ಒಂದೇ ಪ್ರಶ್ನೆ

ಅರ್ಥಧಾರಿಗಳಿಗೆ ಮೊದಲಿಂದ ಒಂದು ಕೊರಗು ಇತ್ತು. “ಸೋಲುವುದಕ್ಕೆ ಬೇಜಾರಿಲ್ಲೆ ಅಕ್ಕೋರೆ. ಎರಡು ಮಾತಿಗೆ ಸೋತರೆ ಹೆಂಗೆ? ನಾಳೆ ಊರಲ್ಲಿ ಮುಖ ತೋರಿಸಲೆ ಆಗ್ತಿಲ್ಲೆ.” ಎರಡು ವರ್ಷ ಕಾಡಿದರು. ಕಡೆಗೆ ಹೆಗ್ಗರಣೆಯ ಪ್ರಯೋಗಕ್ಕೆ ಒಂದೇ ಒಂದು ಪ್ರಶ್ನೆ ಹೆಚ್ಚಿಗೆ ಕೇಳಲು ಅನುಮತಿ ಕೊಟ್ಟೆ.

ಆ ಒಂದು ಪ್ರಶ್ನೆ ಇಪ್ಪತ್ತೆರಡು ನಿಮಿಷ ನಡೆಯಿತು. ಬ್ರಹ್ಮಾಂಡದ ಸೃಷ್ಟಿಯಿಂದ ಹೊರಟು, ನಾಲ್ಕು ಯುಗ ದಾಟಿ, ಹೆಣ್ಣು ಮಕ್ಕಳ ವಿದ್ಯೆಯ ತನಕ ಬಂದರು. ತಾಯಿ ಪಾತ್ರದವರು ನಿಂತು ನಿಂತು ಕಾಲು ಸೋತು ಟ್ರಂಕಿನ ಮೇಲೆ ಕುಳಿತುಬಿಟ್ಟರು. ಪರದೆ ಬಿದ್ದ ಮೇಲೆ ನಾನು ಗಡಿಯಾರ ತೋರಿಸಿ ಕೂಗಾಡಿದೆ. ಅವರು ಒಂದಿಷ್ಟೂ ಅಳುಕಲಿಲ್ಲ.

“ಪ್ರಶ್ನೆ ಒಂದೇ ಅಕ್ಕೋರೆ. ಉಳಿದದ್ದು ಪೀಠಿಕೆ.”

ಐದು: ಯಲ್ಲಾಪುರ

ಪಿಯುಸಿ ಫಲಿತಾಂಶ ಬಂತು. ಹುಡುಗಿ ತಾಲೂಕಿಗೇ ಒಳ್ಳೆಯ ಅಂಕ ತೆಗೆದಿದ್ದಳು. ಧಾರವಾಡಕ್ಕೆ ಅರ್ಜಿ ಹಾಕಲು ಒಂದು ವಾರ ಉಳಿದಿತ್ತು, ಅಪ್ಪ ಸಹಿ ಮಾಡಿರಲಿಲ್ಲ. ಅರ್ಜಿ ನನ್ನ ಚೀಲದಲ್ಲಿತ್ತು. ಆ ಸ್ಥಿತಿಯಲ್ಲೇ ಯಲ್ಲಾಪುರಕ್ಕೆ ನಾಟಕಕ್ಕೆ ಹೋದೆವು. ಅಪ್ಪ, ಮಗಳು ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕುಳಿತಿದ್ದರು.

ಮಂಚಿಕೇರಿ, ಯಲ್ಲಾಪುರ ಕಡೆಯ ನಾಲ್ಕು ಹಿರಿಯ ಅರ್ಥಧಾರಿಗಳು ಮುಂದಿನ ಸಾಲಿನಲ್ಲಿ ಬಂದು ಕುಳಿತರು. ಇವರ ಎದುರು ನಮ್ಮವರು ಎರಡು ಮಾತಿಗೆ ಸೋಲುವುದುಂಟೇ ಅಂದುಕೊಂಡೆ. ಕೊನೆಯ ದೃಶ್ಯ ಬಂತು. “ಪರ ಊರಿನಲ್ಲಿ ನಿನ್ನನ್ನು ನೋಡಿಕೊಳ್ಳುವವರು ಯಾರು?” “ನಾನೇ ನೋಡಿಕೊಳ್ಳುತ್ತೇನೆ ಅಪ್ಪಾ.” “ಹೋದವಳು ತಿರುಗಿ ಬರುತ್ತೀಯಾ?” “ಬಸ್ಸು ಎರಡೂ ಕಡೆ ಓಡುತ್ತದೆ ಅಪ್ಪಾ.” ಇಲ್ಲಿಗೆ ಅವರು ಟ್ರಂಕು ಎತ್ತಬೇಕು. ಎತ್ತಲಿಲ್ಲ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು.

“ಅದು ಹಾಗಿರಲಿ. ಕೃಷಿ ಕಲಿಯುವುದಕ್ಕೆ ಧಾರವಾಡ ಯಾಕೆ? ಗದ್ದೆ ಇಲ್ಲಿಲ್ಲವೇ?”

ನನ್ನ ನಾಟಕದಲ್ಲಿ ಕೃಷಿಯೂ ಇಲ್ಲ, ಧಾರವಾಡವೂ ಇಲ್ಲ. ಮನೆಯ ಜಗಳ ರಂಗಕ್ಕೆ ಬಂದುಬಿಟ್ಟಿತ್ತು. ಹುಡುಗಿ ಒಮ್ಮೆ ನನ್ನ ಕಡೆ ನೋಡಿದಳು. ನಾನು ಸುಮ್ಮನೆ ಹಸ್ತಪ್ರತಿ ಮಗುಚಿದೆ, ಅದರಲ್ಲಿ ಏನೋ ಇರುವ ಹಾಗೆ. ಅವಳು ಸೆರಗು ಸರಿ ಮಾಡಿಕೊಂಡು ಅಪ್ಪನ ಎದುರು ನೆಲದ ಮೇಲೆ ಕುಳಿತಳು.

“ಅಪ್ಪಾ, ನೀವು ಅರ್ಥ ಹೇಳಲು ಕಲಿತದ್ದು ಎಲ್ಲಿ?”

“ಹೊನ್ನಾವರದ ಗುರುಗಳಲ್ಲಿ.”

“ಮಾತು ಮನೆಯಲ್ಲೇ ಇತ್ತಲ್ಲ, ಹೊನ್ನಾವರಕ್ಕೆ ಯಾಕೆ ಹೋದಿರಿ?”

ಮುಂದಿನ ಸಾಲಿನವರು ಮೈ ನೆಟ್ಟಗೆ ಮಾಡಿ ಕುಳಿತರು. ಅಪ್ಪ ಪುರಾಣಕ್ಕೆ ಹಾರಿದರು. “ಯಾವ ಪುರಾಣದಲ್ಲಿ ಯಾವ ತಂದೆ ಬೆಳೆದ ಮಗಳನ್ನು ಮನೆಯಿಂದ ಹೊರಗೆ ಕಳಿಸಿದ, ಹೇಳು ನೋಡುವಾ.”

“ಗಂಡನನ್ನು ನೀನೇ ಹುಡುಕಿಕೊಂಡು ಬಾ ಎಂದು ರಾಜನೊಬ್ಬ ಮಗಳಿಗೆ ರಥ ಕೊಟ್ಟು ಕಳಿಸಲಿಲ್ಲವೇ? ಆ ಕಥೆ ನನಗೆ ಹೇಳಿದ್ದು ನೀವೇ. ನನಗೆ ಗಂಡ ಬೇಡ ಅಪ್ಪಾ, ರಥವೂ ಬೇಡ. ಬಸ್ಸು ಸಾಕು.”

ಉತ್ತರವಿಲ್ಲದೆ ಅವರು ಕುಳಿತದ್ದನ್ನು ನಾನು ಅದೇ ಮೊದಲು ಕಂಡದ್ದು. ಮುಂದಿನ ಸಾಲಿನ ಹಿರಿಯರೊಬ್ಬರು ಮೆಲ್ಲಗೆ “ಭಲೇ” ಅಂದರು. ಉತ್ತರ ಇಲ್ಲದವನು ಸಭೆಯ ಎದುರೇ ಒಪ್ಪಬೇಕು, ಅದು ಅವರ ತಾಳಮದ್ದಳೆ ಕೂಟದ ಮರ್ಯಾದೆ. ಅಪ್ಪ ಎದ್ದು ನಿಂತರು. “ಒಪ್ಪಿದೆ ಮಗಳೇ. ಹೋಗಿ ಬಾ” ಎಂದು ಟ್ರಂಕು ಎತ್ತಿದರು. ಭಾಗವತರು ಅಳುತ್ತ ಕೊನೆಯ ಹಾಡನ್ನೇ ಮರೆತು ಮಂಗಳ ಹಾಡಿಬಿಟ್ಟರು. ನಾನೂ ಅತ್ತೆ, ಮುಚ್ಚಿಡುವುದೇನು.

ಒಳಗೆ ಬಂದ ಕೂಡಲೇ ಅರ್ಜಿ ಮುಂದೆ ಹಿಡಿದೆ. “ಒಪ್ಪಿದ್ದು ಪಾತ್ರವೋ, ಅಪ್ಪನೋ?”

“ಎದುರು ಕೂತ ಹಿರಿಯರು ಎಲ್ಲ ಕಡೆ ಹೇಳ್ತ. ಈಗ ಕಳಸದೆ ಇದ್ದರೆ ಆನು ಇನ್ನು ಯಾವ ಕೂಟಕ್ಕೂ ಹೋಪಲೆ ಇಲ್ಲೆ” ಎಂದು ಗೊಣಗುತ್ತ ಸಹಿ ಮಾಡಿದರು. ಬಣ್ಣದ ಕೈಯ ಗುರುತು ಅರ್ಜಿಯ ಮೇಲೆ ಉಳಿಯಿತು.

ನಾಯಕಿ ಹೊರಟ ಮೇಲೆ ನಾಟಕ ನಿಂತಿತು, ಮತ್ತೆ ಆಡಿಸಲು ನನಗೆ ಮನಸ್ಸಾಗಲಿಲ್ಲ. ಅವಳನ್ನು ಬಿಡಲು ನಾನೂ ಶಿರಸಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅಪ್ಪ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಕಿಟಕಿಯ ಹತ್ತಿರ ನಿಂತು ಮಗಳಿಗೆ ಏನೇನೋ ಹೇಳಿ, ಕಣ್ಣು ಒರೆಸಿಕೊಂಡು ನನ್ನ ಪಕ್ಕಕ್ಕೆ ಬಂದರು. ಇಂಜಿನ್ ಶುರುವಾಗಿತ್ತು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು.

“ಅಕ್ಕೋರೆ, ಆ ರಥದ ಮಾತಿಗೆ ಉತ್ತರ ಈಗ ಸಿಕ್ತು.”

“ಎಂತದು?”

ಅವರು ಕಿಟಕಿಯಲ್ಲಿದ್ದ ಮಗಳ ಕಡೆ ನೋಡಿ, ದನಿ ತಗ್ಗಿಸಿದರು. “ಮೆತ್ತಗೆ. ಮೊದಲು ಬಸ್ಸು ಹೋಗಲಿ.”