ಕುಕ್ಕರ್ ಮಾಮಿಯ ಮದರಾಸು

ಊರೂರು ಸುತ್ತುವ ಹೆಂಗಸಿಗೆ ಫಜೀತಿಗಳು ಎಲ್ಲ ಊರಿನಲ್ಲೂ ಕಾದಿರುತ್ತವೆ. ಆದರೆ ಮದರಾಸು ಮಾತ್ರ ನನ್ನ ಪಾಲಿನದನ್ನು ವರ್ಷವಿಡೀ ಕೂಡಿಟ್ಟು, ನಾನು ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಒಟ್ಟಿಗೆ ಬಡಿಸುತ್ತಿತ್ತು ಎಂದು ನನ್ನ ಗುಮಾನಿ.

ಪ್ರೆಷರ್ ಕುಕ್ಕರ್ ಎಂಬ ಪಾತ್ರೆ ಆಗಷ್ಟೇ ನಮ್ಮ ಕಡೆ ಕಾಲಿಡುತ್ತಿದ್ದ ಕಾಲ. ಅದನ್ನು ಮಾಡುವ ಒಂದು ಕಂಪನಿಯಲ್ಲಿ ನನಗೆ ಕೆಲಸ. ವಸ್ತುಪ್ರದರ್ಶನ ಎಲ್ಲಿ ನಡೆದರೂ ಹೋಗುವುದು, ಮಳಿಗೆಯಲ್ಲಿ ನಿಂತು ಜನರೆದುರು ಬೇಳೆ ಬೇಯಿಸಿ ತೋರಿಸುವುದು. ನಾಗಪುರದಲ್ಲಿ ಬೇಯಿಸಿದ್ದೇನೆ, ಕಲ್ಕತ್ತೆಯಲ್ಲಿ ಬೇಯಿಸಿದ್ದೇನೆ, ಸಮುದ್ರ ದಾಟಿ ಕೊಲಂಬೊದಲ್ಲೂ ಬೇಯಿಸಿದ್ದೇನೆ. ನನ್ನದು ಅಂತ ಒಂದು ಅಡುಗೆಮನೆ ಎಲ್ಲೂ ಇರಲಿಲ್ಲ, ಅದು ಬೇರೆ ಮಾತು.

ಮದರಾಸಿನ ಪ್ರದರ್ಶನಕ್ಕೆ ಹೋಗಲು ಕಂಪನಿಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ನಾನು ಮಾತ್ರ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಕಾರಣ, ಮೈಲಾಪುರದಲ್ಲಿ ನನ್ನ ಗೆಳತಿ ಇದ್ದಳು. ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಬಿ.ಎ. ಮುಗಿಯಿತು, ಮಾತು ಮುಗಿದಿರಲಿಲ್ಲ. ಅಷ್ಟರಲ್ಲಿ ಅವಳಿಗೆ ಮದರಾಸಿನ ಇನ್ಷೂರೆನ್ಸ್ ಆಫೀಸಿನವರ ಜೊತೆ ಮದುವೆಯಾಯಿತು. ನನಗೆ ಬೇಕಾಗಿದ್ದದ್ದು ಇಷ್ಟೇ: ನಡುವೆ ಯಾರೂ ಬಾರದೆ, ಅವಳ ಜೊತೆ ಒಂದು ಗಂಟೆ ಕೂರುವುದು. ಕೇಳಿದರೆ ಇದೂ ಒಂದು ಆಸೆಯೇ ಅನ್ನಬೇಕು. ಪಟ್ಟ ಪಾಡು ಮಾತ್ರ ದೊಡ್ಡದು.

ಯಜಮಾನರು

ತ್ರಿಪ್ಲಿಕೇನಿನಲ್ಲಿ ಒಂದು ಲಾಡ್ಜು. ಕೆಳಗೆ ಊಟದ ಹೋಟೆಲು, ಮೇಲೆ ಕೋಣೆಗಳು. ಮ್ಯಾನೇಜರು ಕುಂದಾಪುರದ ಕಡೆಯವರು. ಮೊದಲ ಸಲ ಹೋದಾಗ ನನ್ನನ್ನು ನೋಡಿದರು, ನನ್ನ ಟ್ರಂಕನ್ನು ನೋಡಿದರು, ಆಮೇಲೆ ನನ್ನ ಬೆನ್ನ ಹಿಂದಿನ ಖಾಲಿ ಮೆಟ್ಟಿಲನ್ನು ಬಹಳ ಹೊತ್ತು ನೋಡಿದರು.

"ಯಜಮಾನ್ರು ಎಲ್ಲಿ?"

"ನಾನೊಬ್ಬಳೇ."

"ಒಬ್ಬ ಹೆಂಗಸಿಗೆ ಕೋಣೆ ಕೊಡುವ ಪದ್ಧತಿ ಇಲ್ಲ ಅಮ್ಮ. ಎಂತ ಮಾಡುದು, ಮರ್ಯಾದಸ್ಥರು ಇಳಿಯುವ ಜಾಗ ಇದು."

"ನಾನೂ ಮರ್ಯಾದಸ್ಥಳೇ."

"ಅದು ಹೌದು. ಆದ್ರೆ ಅದನ್ನು ಹೇಳ್ಲಿಕ್ಕೆ ಜೊತೆಗೆ ಯಾರಾದ್ರೂ ಬೇಕಲ್ಲ?"

ರೈಲಿನಲ್ಲಿ ಕೂತೇ ಬಂದ ಮೈ, ಕಣ್ಣು ಎಳೆಯುತ್ತಿತ್ತು. ನನ್ನ ಮುಖ ನೋಡಿ ಅವರೇ ದಾರಿ ತೋರಿಸಿದರು: "ಹಿಂದಿನ ಗಾಡಿಯಲ್ಲಿ ಬರ್ತಾರೋ ಏನೋ?"

"ಹೌದು, ಬರ್ತಾರೆ" ಎಂದೆ. ಬೀಗದ ಕೈ ತಕ್ಷಣ ಬಂತು.

ಮಾರನೆಯ ಬೆಳಿಗ್ಗೆ "ಬಂದ್ರಾ?" ಎಂದರು. ಇಲ್ಲ ಎಂದೆ. "ಗಾಡಿ ತಡವಾ?" ಇರಬೇಕು ಎಂದೆ. ದಿನ ಕಳೆದಂತೆ ಅವರ ಪ್ರಶ್ನೆಯ ದನಿ ಮೆತ್ತಗಾಗುತ್ತಾ ಹೋಯಿತು. ಕಾಫಿ ತರುವವನು ತಪ್ಪದೆ ಎರಡು ಲೋಟ ಇಟ್ಟು ಹೋಗುತ್ತಿದ್ದ. ಎರಡನೆಯದನ್ನೂ ನಾನೇ ಕುಡಿಯುತ್ತಿದ್ದೆ. ಇಲ್ಲದ ಗಂಡನಿಂದ ನನಗೆ ಸಿಕ್ಕ ಸುಖ ಅದೊಂದೇ.

ಕೋಣೆ ಬಿಡುವ ದಿನ ಮ್ಯಾನೇಜರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ದನಿ ತಗ್ಗಿಸಿ, "ತಮ್ಮ ಹೇಳಿದ ಹಾಗೆ ತಿಳ್ಕೊಳ್ಳಿ ಅಮ್ಮ. ಆ ಮನುಷ್ಯ ಸರಿ ಇಲ್ಲ. ಅವರನ್ನು ನೀವು ಬಿಟ್ಟುಬಿಡಿ" ಎಂದರು.

"ಸರಿ, ಬಿಟ್ಟೆ" ಎಂದೆ.

ಅಂದಿನಿಂದ ಆ ಲಾಡ್ಜಿನಲ್ಲಿ ಯಾವಾಗ ಹೋದರೂ ನನಗೆ ಗಾಳಿ ಬರುವ ಕೋಣೆಯೇ ಸಿಕ್ಕುತ್ತಿತ್ತು. ಗಂಡ ಇಲ್ಲದವಳಿಗೆ ಇಲ್ಲದ ಮರ್ಯಾದೆ ಗಂಡನನ್ನು ಬಿಟ್ಟವಳಿಗೆ ಇತ್ತು.

ಫ್ಯಾಮಿಲಿ

ಪ್ರದರ್ಶನದಲ್ಲಿ ನಮ್ಮ ಮಳಿಗೆಯ ಮುಂದೆ ಹೊತ್ತೂ ಗೊತ್ತೂ ಇಲ್ಲದೆ ಜನ. ಕುಕ್ಕರ್ ಕೂಗಿತೆಂದರೆ ಮಕ್ಕಳು ಅಮ್ಮಂದಿರ ಹಿಂದೆ, ಅಮ್ಮಂದಿರು ಅಪ್ಪಂದಿರ ಹಿಂದೆ, ಅಪ್ಪಂದಿರು ಪಕ್ಕದ ಮಳಿಗೆಯಲ್ಲಿ.

ಒಬ್ಬ ಅಜ್ಜಿ ಮಾತ್ರ ಕದಲಲಿಲ್ಲ. ಮುಚ್ಚಳದ ರಬ್ಬರ್ ಬಳೆಯನ್ನು ಮುಟ್ಟದೆ, ದೂರದಿಂದ ಬೆರಳು ತೋರಿಸಿ, "ಇದು ಚರ್ಮವಾ?" ಎಂದರು.

"ಅಲ್ಲ ಅಜ್ಜಿ, ರಬ್ಬರ್. ಮರದ ಹಾಲಿನಿಂದ ಮಾಡೋದು."

"ಮರದ್ದೋ? ಹಾಗಾದ್ರೆ ಮಡಿಗೆ ಬರುತ್ತೆ." ಒಂದು ಕ್ಷಣ ಯೋಚಿಸಿ, "ನಿನ್ನ ಮನೆಯಲ್ಲೂ ದಿನಾ ಇದರಲ್ಲೇನಾ ಅಡುಗೆ?"

"ದಿನಾ ಇದರಲ್ಲೇ." ಇದು ಕಂಪನಿ ಕಲಿಸಿದ ಉತ್ತರ.

ದಿನವೆಲ್ಲ ಊರಿಗೆ ಪೊಂಗಲ್ ಹಂಚಿ, ಸಂಜೆ ಹಸಿದುಕೊಂಡು ಲಾಡ್ಜಿನ ಕೆಳಗಿನ ಹೋಟೆಲಿಗೆ ಬರುತ್ತಿದ್ದೆ. ಅಲ್ಲಿ ಗಂಡಸರ ಸಾಲಿನಲ್ಲಿ ಹೆಂಗಸು ಕೂರುವಂತಿಲ್ಲ. ಹಿಂಬದಿಯಲ್ಲಿ ಪರದೆ ಬಿಟ್ಟ ಸಣ್ಣ ಸಣ್ಣ ಗೂಡುಗಳು, ಮೇಲೆ 'ಫ್ಯಾಮಿಲಿಗೆ ಮಾತ್ರ' ಎಂಬ ಹಲಗೆ. ಒಳಗೆ ಹೋಗಿ ಕೂತೆ. ನಾಲ್ಕು ಕುರ್ಚಿ, ನಾನು. ಸಪ್ಲೈಯರ್ ನಾಲ್ಕು ಲೋಟ ನೀರು ತಂದಿಟ್ಟು ನಿಂತ.

"ಎಂತ ಬೇಕು ಅಂತ ಫ್ಯಾಮಿಲಿ ಬಂದ ಮೇಲೆ ಹೇಳ್ತೀರಾ?"

"ಬರೋದಕ್ಕೆ ಯಾರೂ ಇಲ್ಲಪ್ಪ. ನಾನೇ ಫ್ಯಾಮಿಲಿ. ಒಂದು ಪ್ಲೇಟ್ ಇಡ್ಲಿ ಸಾಕು."

ಅವನು ನನ್ನನ್ನೂ ಹಲಗೆಯನ್ನೂ ಒಂದೊಂದು ಸಲ ನೋಡಿದ. ಮತ್ತೆ ಪರದೆಯಿಂದ ತಲೆ ಹೊರಹಾಕಿ, ಇಡೀ ಹೋಟೆಲಿಗೆ ಕೇಳುವಂತೆ ಅಡುಗೆಮನೆಗೆ ಕೂಗಿದ: "ಫ್ಯಾಮಿಲಿಗೆ ಒಂದೇ ಪ್ಲೇಟ್ ಇಡ್ಲಿ! ಸಾಕಂತೆ!"

ಪಕ್ಕದ ಪರದೆಯ ಒಳಗಿಂದ ಒಬ್ಬ ಹೆಂಗಸು ಮರುಗಿದಳು: "ಅಯ್ಯೋ ಪಾವಂ! ಹಾಗಾದ್ರೆ ಮಕ್ಕಳಿಗೆ?"

ದೋಸೆ

ಗೆಳತಿಯ ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳು. ನಾನು ಬಾಗಿಲಲ್ಲಿ ಕಂಡ ಕೂಡಲೇ ಮಕ್ಕಳು "ಅಮ್ಮಾ, ಕುಕ್ಕರ್ ಮಾಮಿ ವಂದಾಚ್ಚು!" ಎಂದು ಕೂಗುತ್ತಾ ಒಳಗೋಡುತ್ತಿದ್ದವು. ನಾನು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲಿ ಉತ್ತರ.

ಗೆಳತಿ ಓಡಿ ಬಂದು ಕೈ ಹಿಡಿದಳು. "ಎಷ್ಟು ಸೊರಗಿದ್ದೀಯೇ! ಕೂತ್ಕೋ, ಒಂದು ದೋಸೆ ಹುಯ್ದು ಬಂದೆ" ಎಂದು ಅಡುಗೆಮನೆಗೆ ಹೋದಳು. ಹೋದವಳು ಹೋದಳು. ಬರುತ್ತಿದ್ದದ್ದು ದೋಸೆ. ಮಗು ತಂದು ಹಾಕುತ್ತಿತ್ತು. ಎದುರಿಗೆ ಅತ್ತೆ ಕೂತು ನನ್ನ ಸಂಬಳ, ನನ್ನ ವಯಸ್ಸು, ನನ್ನ ಹಣೆಬರಹ ಇವುಗಳನ್ನು ಒಂದೊಂದಾಗಿ ವಿಚಾರಿಸುತ್ತಿದ್ದರು.

"ಸಾಕು, ಬಾರೇ!" ಎಂದು ಕೂಗಿದೆ.

"ಇದೊಂದು ಹಾಕಿ ಬಂದೆ!" ಎಂದು ಒಳಗಿಂದ ಉತ್ತರ.

ದೋಸೆ ಮುಗಿದರೆ ಅವಳು ಬರುತ್ತಾಳೆ ಎಂದು ನಾನು ಬೇಗ ಬೇಗ ತಿಂದೆ. ನಾನು ಬೇಗ ಬೇಗ ತಿನ್ನುವುದನ್ನು ಬಾಗಿಲ ಸಂದಿಯಿಂದ ನೋಡಿ, ಪಾಪ, ಹಸಿದು ಬಂದಿದ್ದಾಳೆ ಎಂದು ಅವಳು ಬೇಗ ಬೇಗ ಹುಯ್ದಳು. ನಾನು ಇನ್ನೂ ಬೇಗ ತಿಂದೆ. ಅವಳು ಇನ್ನೂ ಬೇಗ ಹುಯ್ದಳು. ಕೊನೆಗೆ ಹಿಟ್ಟು ಮುಗಿಯಿತು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದು ಎದುರು ಕೂತು, "ಹೂಂ, ಈಗ ಹೇಳು!" ಎಂದಳು.

ಹೇಳಬೇಕಾದದ್ದು ರಾಶಿ ಇತ್ತು. ಆದರೆ ಬಾಯಿ ತೆರೆದರೆ ಮಾತಲ್ಲದ್ದು ಬಂದೀತೆಂಬ ಹೆದರಿಕೆಯಿಂದ, ರಿಕ್ಷಾ ಬರುವ ತನಕ ತಲೆಯಾಡಿಸುತ್ತಾ ಕೂತಿದ್ದೆ.

ಉಳಿದ ಹೊತ್ತು

ಈ ಪಾತ್ರೆ ಕೊಂಡರೆ ಗೃಹಿಣಿಗೆ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ ಎಂದು ಊರೂರಿನಲ್ಲಿ ಸಾರಿಕೊಂಡು ಬಂದವಳು ನಾನು. ಆ ಗಂಟೆ ನನಗೇ ಬೇಕಾದದ್ದು ಎಂದು ಹೊಳೆಯಲು ಒಂದು ವರ್ಷ ಬೇಕಾಯಿತು. ಮುಂದಿನ ಸಲ ಅವಳಿಗೆ ಒಂದು ಕುಕ್ಕರನ್ನೇ ಉಡುಗೊರೆ ಕೊಟ್ಟು, ಅತ್ತೆಗೂ ಮಡಿಯ ಪಾಠ ಹೇಳಿ ಬಂದೆ. ಅದರ ಮರುವರ್ಷ ಗಂಟೆಯನ್ನು ವಸೂಲು ಮಾಡಲು ಹೋದೆ.

ನಡುಮನೆಯ ತುಂಬ ಆ ಬೀದಿಯ ಹೆಂಗಸರು. ಎಲ್ಲರ ಕೈಯಲ್ಲೂ ಒಂದೊಂದು ಪಾತ್ರೆ ಬೇಳೆ.

ಅತ್ತೆ ಸಡಗರದಿಂದ ಎದ್ದರು. "ಬಾಮ್ಮ ಬಾ! ನೀನು ಕೊಟ್ಟಿದ್ದು ಬಂದಮೇಲೆ ಇಡೀ ಬೀದಿ ಬೇಳೆ ನಮ್ಮನೇಲೇ ಬೇಯೋದು. ನೋಡ್ರೇ, ಇವಳೇ ಅಸಲು ಕುಕ್ಕರ್ ಮಾಮಿ! ಇವತ್ತು ಇವಳೇ ಬೇಯಿಸಿಕೊಡ್ತಾಳೆ."

"ಅವಳೆಲ್ಲಿ?"

"ತಾರಸಿ ಮೇಲೆ. ಅಡುಗೆ ಬೇಗ ಆಗಿಹೋಗುತ್ತಲ್ಲ, ಸುಮ್ಮನೆ ಕೂತ್ಕೊಂಡು ಏನ್ಮಾಡ್ತಾಳೆ? ಹಪ್ಪಳ ಹಾಕಿಸ್ತಾ ಇದ್ದೀನಿ."

ಆ ಮಧ್ಯಾಹ್ನವೆಲ್ಲ ನಾನು ಕೆಳಗೆ ಬೀದಿಯ ಬೇಳೆ ಬೇಯಿಸಿದೆ. ಮೇಲಿಂದ "ಹುಶ್! ಹೋಗತ್ಲಾಗೆ! ನಿನಗೇನು ಬೇರೆ ಕೆಲಸ ಇಲ್ವಾ?" ಎಂಬ ಅವಳ ದನಿ ಕೇಳುತ್ತಿತ್ತು. ಆ ವರ್ಷ ಅವಳು ನನ್ನ ಜೊತೆ ಆಡಿದ್ದಕ್ಕಿಂತ ಕಾಗೆಗಳ ಜೊತೆ ಆಡಿದ ಮಾತೇ ಹೆಚ್ಚು.

ಹಿಂದಿನ ಬೀದಿಯವರು

ಅದಾದ ಮೇಲಿನ ಸಲ ಅವಳ ಗಂಡ ತಾವೇ ಮಳಿಗೆಗೆ ಬಂದರು. "ಶನಿವಾರ ಸಂಜೆ ನೀವು ಬರಲೇಬೇಕಂತೆ. ರೇಷ್ಮೆ ಸೀರೆ ಉಟ್ಟು ಬರಬೇಕಂತೆ. ಹಿಂದಿನ ಬೀದಿಯವರೂ ಬರ್ತಾರಂತೆ" ಎಂದು ಒಪ್ಪಿಸಿ ಹೋದರು.

ನಾನು ವ್ಯಾಪಾರದವಳು. ಹಿಂದಿನ ಬೀದಿಗೂ ಕುಕ್ಕರಿನ ಸುದ್ದಿ ಮುಟ್ಟಿದೆ ಎಂದುಕೊಂಡೆ. ರೇಷ್ಮೆ ಸೀರೆ ಉಟ್ಟು, ಹೊಸ ಕುಕ್ಕರ್ ಮತ್ತು ಪಂಪ್ ಸ್ಟೌವನ್ನು ರಿಕ್ಷಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೋದೆ.

ಜಮಖಾನದ ಮೇಲೆ ಒಬ್ಬ ದಪ್ಪ ಮುದುಕಿ, ಅವರ ಮಗಳು, ಮತ್ತು ಐವತ್ತರ ಆಸುಪಾಸಿನ, ಕೂದಲಿಗೆ ಕಪ್ಪು ಹಚ್ಚಿದ, ಕೋಟು ತೊಟ್ಟ ಒಬ್ಬರು. ನಾನು ಹೋದಾಗಿನಿಂದ ಅವರು ಫ್ಯಾನನ್ನೇ ನೋಡುತ್ತಿದ್ದರು. ಕೇಸರಿಬಾತು, ಬಜ್ಜಿ ಸಮಾರಾಧನೆ ನಡೆದಿತ್ತು. ಗೆಳತಿ ನನ್ನ ಮುಖ ನೋಡದೆ ಮುಡಿಗೆ ಮೊಳ ಮಲ್ಲಿಗೆ ಮುಡಿಸಿದಳು. ಇಷ್ಟು ಮರ್ಯಾದೆಯಿಂದ ಕುಕ್ಕರ್ ನೋಡುವವರನ್ನು ನಾನು ಕೊಲಂಬೊದಲ್ಲೂ ಕಂಡಿರಲಿಲ್ಲ. ಉತ್ಸಾಹ ಬಂತು. ಸ್ಟೌ ಹಚ್ಚಿ, ಬೇಳೆ ನೀರು ಹಾಕಿ, ಮುಚ್ಚಳ ಬಿಗಿದು, ಭಾಷಣ ಶುರುಮಾಡಿದೆ. ಬಂದವರು ಬಾಯಿ ತೆರೆದುಕೊಂಡು ಕೇಳಿದರು. ಗೆಳತಿಯ ಅತ್ತೆ ಕಣ್ಣಲ್ಲೇ ನನಗೆ ಏನೇನೋ ಸನ್ನೆ ಮಾಡುತ್ತಿದ್ದರು. ಸ್ಟೌ ಜೋರಾಗಿ ಉರಿಯುತ್ತಿದೆ ಎನ್ನುತ್ತಾರೆಂದು ತಿಳಿದು ಸಣ್ಣಗೆ ಮಾಡಿದೆ.

ನಡುವೆ ಮುದುಕಿ, "ಹಾಡು ಬರುತ್ತಾಮ್ಮ?" ಎಂದರು.

"ನನಗೆ ಬರಲ್ಲಮ್ಮ. ಇದಕ್ಕೆ ಬರುತ್ತೆ, ಸ್ವಲ್ಪ ಇರಿ."

ಕುಕ್ಕರ್ ಕೂಗಿತು. ಕೋಟಿನವರು ಕೂತಲ್ಲಿಂದ ಎಗರಿದರು, ಕೇಸರಿಬಾತು ಕೋಟಿನ ಮೇಲೆ.

"ಭಯಪಡಬೇಡಿ ಸಾರ್. ಮೊದಮೊದಲು ಎಲ್ಲ ಗಂಡಸರಿಗೂ ಹೀಗೇ ಆಗುತ್ತೆ" ಎಂದೆ.

ಮುದುಕಿ ಇನ್ನೊಂದು ಬಜ್ಜಿ ತೆಗೆದುಕೊಳ್ಳುತ್ತಾ ಕೇಳಿದರು: "ನಿಮ್ಮದು ಯಾವ ಗೋತ್ರ?"

ಕುಕ್ಕರ್ ಕೊಳ್ಳುವವರು ಬೇಕಾದಷ್ಟು ಕೇಳುತ್ತಾರೆ, ಗೋತ್ರ ಕೇಳುವುದಿಲ್ಲ. ಕೇಸರಿಬಾತು ನೋಡಿದೆ, ಬಜ್ಜಿ ನೋಡಿದೆ, ಕೂದಲ ಕಪ್ಪು ನೋಡಿದೆ. ಗೆಳತಿಯ ಕಡೆ ತಿರುಗಿದೆ. ಅವಳು ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದಳು.

ಎದ್ದು ಓಡಬಹುದಿತ್ತು. ಆದರೆ ಒಳಗೆ ಹಬೆ ತುಂಬಿದೆ. ಅದು ಇಳಿಯುವ ತನಕ ಮುಚ್ಚಳ ತೆಗೆಯುವಂತಿಲ್ಲ, ಕುಕ್ಕರ್ ಬಿಟ್ಟು ಏಳುವಂತಿಲ್ಲ; ಊರಿಗೆಲ್ಲ ಹೀಗೆಂದು ಪಾಠ ಹೇಳಿದವಳು ನಾನೇ. ಸ್ಟೌ ಆರಿಸಿದೆ. ಗಂಡು ಆ ಕಡೆ, ನಾನು ಈ ಕಡೆ, ನಡುವೆ ಬೇಳೆ. ಮೂವರೂ ಮಾತಿಲ್ಲದೆ ಆರುತ್ತಾ ಕೂತೆವು.

ಕೊನೆಗೆ ಮುಚ್ಚಳ ತೆಗೆದಾಗ ಗಂಡು ಬಗ್ಗಿ ನೋಡಿ, "ಚೆನ್ನಾಗಿ ಬೆಂದಿದೆ" ಎಂದರು. ಅವರು ಆಡಿದ್ದು ಅದೊಂದೇ ಮಾತು. ಮುದುಕಿ ಎದ್ದು ಸೀರೆ ಕೊಡವಿಕೊಂಡು, ಅತ್ತೆಗೆ ಹೇಳಿದರು: "ಹುಡುಗಿ ವಿಷಯ ಆಮೇಲೆ ತಿಳಿಸ್ತೀವಿ. ಪಾತ್ರೆ ಮಾತ್ರ ಈಗಲೇ ತಗೊಂಡು ಹೋಗ್ತೀವಿ."

ಅವರು ಬಾಗಿಲು ದಾಟುತ್ತಲೇ ಅತ್ತೆ ಸಿಡಿದರು. "ಹೆಣ್ಣು ತೋರಿಸೋಕೆ ಕರೆದರೆ ಗಂಡಿನ ಕಡೆಯವರಿಗೆ ಪಾತ್ರೆ ಮಾರಿದಳಲ್ಲೋ! ಇನ್ನು ನಾನು ಕಪಾಲಿ ಗುಡಿಗೆ ಯಾವ ಮುಖ ಹೊತ್ತು ಹೋಗಲಿ? ನನಗೆ ಊಟ ಬೇಡ!" ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಅಮ್ಮನಿಗೆ ಬೇಡದ ಊಟ ತನಗೂ ಬೇಡವೆಂದು ಮಗ ಪೇಪರ್ ಹಿಡಿದು ಜಗಲಿಗೆ ಹೋದರು. ಮಕ್ಕಳು ಮಿಕ್ಕ ಬಜ್ಜಿಯನ್ನೆಲ್ಲ ಮುಗಿಸಿ ಹೊಟ್ಟೆ ಹಿಡಿದುಕೊಂಡಿದ್ದವು.

ಗೆಳತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಸಂಜೆ ಒಲೆ ಹಚ್ಚುವ ಕೆಲಸವಿಲ್ಲ. ಏನೂ ಅಂಟಿರದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, ನಾನು ಆಗಲೇ ಹೋಗಿ ಕೂತಿದ್ದ ಹಿತ್ತಲಿಗೆ ಬಂದು, ಬಾವಿಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ನಾನು ಇಷ್ಟು ವರ್ಷ ಕಾದ ಗಂಟೆ ಹೀಗೆ ಬಂತು.

"ಯಾರ ಬುದ್ಧಿ ಇದು? ನಿಮ್ಮತ್ತೇದಾ?" ಎಂದೆ.

"ನಂದೇ ಕಣೇ."

"ಮದುವೆ ಮಾಡು ಅಂತ ನಾನು ಕೇಳಿದ್ನಾ?"

"ನೀನೆಲ್ಲಿ ಕೇಳ್ತೀಯ? ನಿನಗೇನು, ಕಲ್ಕತ್ತ, ಕೊಲಂಬೊ ಅಂತ ತಿರುಗ್ತೀಯ." ಬಾವಿಯಾಚೆಯ ಮೋಟುಗೋಡೆಯನ್ನು ತೋರಿಸಿದಳು. "ಅದರಾಚೆಗೆ ಇವತ್ತು ಬಂದಿದ್ದವರ ಹಿತ್ತಲು. ನೀನು ಆ ಕಡೆ ಪಾತ್ರೆ ತೊಳೀತಾ, ನಾನು ಈ ಕಡೆ ತೊಳೀತಾ, ದಿನಾ ಮಾತಾಡಬಹುದಾಗಿತ್ತು. ಈ ಊರಲ್ಲಿ ನನಗೆ ಯಾರಿದ್ದಾರೆ ಹೇಳು? ಹೆತ್ತ ಮಕ್ಕಳಿಗೂ ನಾನಾಡೋ ಮಾತು ಬೇಡ."

ಒಂಟಿಯಾಗಿರುವುದು ನನ್ನಂಥ ತಿರುಗುವವರ ಕಸುಬು ಎಂದುಕೊಂಡಿದ್ದೆ; ತುಂಬಿದ ಮನೆಯಲ್ಲಿ ಕೂತು ಅದನ್ನು ಮಾಡುವವರಿದ್ದಾರೆಂದು ತಿಳಿದಿರಲಿಲ್ಲ. ಅವಳ ಕಣ್ಣಲ್ಲಿ ನೀರು ಕಂಡಿತು. ಮಾತು ಬದಲಾಯಿಸಲು ಗದರಿದೆ:

"ಅದಕ್ಕೆ ಅಂಥ ಗಂಡನ್ನ ಹುಡುಕಿದೆಯಾ? ಬಾಯೇ ಬಿಡಲ್ಲ, ಸಿಳ್ಳೆ ಕೇಳಿದ್ರೆ ಎಗರಿ ಬೀಳ್ತಾನೆ! ಅವನಲ್ಲಿ ಏನು ನೋಡಿ ಒಪ್ಪಿದೆ ಹೇಳು?"

"ನನ್ನ ಯಾಕೆ ಬೈತೀಯ?" ಎಂದು ಅವಳು ಕಣ್ಣೊರೆಸಿಕೊಂಡಳು. "ಆತ ಬಿಲಾಸಪುರದಿಂದ ವರ್ಗವಾಗಿ ಬಂದಿರೋದೇ ಮೊನ್ನೆ. ಗಂಡನ್ನ ನಾನೂ ಇವತ್ತೇ ಕಣೇ ನೋಡಿದ್ದು. ನಾನು ನೋಡಿ ಒಪ್ಪಿದ್ದು ಆ ಗೋಡೇನ."