ಭಾವಮೈದುನನಿಗೊಂದು ನೋಟೀಸು

ನಾಲ್ಕು ದಿನ ಇದ್ದು ಹೋಗುತ್ತೇನೆಂದು ದೀಪಾವಳಿಗೆ ಗದಗಿನಿಂದ ಬಂದ ಭಾವಮೈದುನ ವಿಕಾಸ, ಯುಗಾದಿ ಕಳೆದರೂ ಪುಣೆಯ ಬಿಬವೇವಾಡಿಯ ಆ ಪುಟ್ಟ ಮನೆಯಲ್ಲಿ ಮಧುಕರನ ಮಂಚದ ಮೇಲೆಯೇ ಇದ್ದ. ಅಂದು ಬೆಳಿಗ್ಗೆ ಮಧುಕರನ ಪಾಲಿನ ರೊಟ್ಟಿಯನ್ನೂ ಅವನೇ ತಿಂದು ಮುಗಿಸಿದ. ಹೆಂಡತಿ ನರ್ಮದಾಳಿಗೆ ಹೇಳುವ ಧೈರ್ಯ ಮಧುಕರನಿಗಿರಲಿಲ್ಲ. ತವರಿನ ಸುದ್ದಿ ಎತ್ತಿದರೆ ಅವಳು ಊಟ ಬಿಡುತ್ತಿದ್ದಳು, ಜತೆಗೆ ಅಡುಗೆಯನ್ನೂ ಬಿಡುತ್ತಿದ್ದಳು.

ಪಕ್ಕದ ಮನೆಯ ಕೃಷ್ಣಾಜಿಯವರು ಗೋಡೆಯಾಚೆಯಿಂದಲೇ ಎಲ್ಲ ತಿಳಿದುಕೊಂಡಿದ್ದರು. ಕುಟುಂಬ ನ್ಯಾಯಾಲಯದ ವಕೀಲರಿಂದ ಒಂದು ನೋಟೀಸು ಕೊಡಿಸಿದರೆ ಸಾಕು, ಹುಡುಗ ಹೆದರಿ ಅಕ್ಕನಿಗೂ ತೋರಿಸದೆ ರೈಲು ಹತ್ತುತ್ತಾನೆ ಎಂದರು.

ಮಧುಕರ ರಜೆ ಹಾಕಿ ಸದಾಶಿವ ಪೇಠಕ್ಕೆ ಹೋದ. ಮಧ್ಯಾಹ್ನ ಅಲ್ಲಿ ಅಂಗಡಿಗಳ ಜತೆ ವಕೀಲರೂ ಮಲಗಿದ್ದರು. ಒಬ್ಬ ಮರಾಠಿ ವಕೀಲರ ಕಟ್ಟೆಯ ಮೇಲೆ ಬೆವರುತ್ತ ಕೂತು, ಬಾಗಿಲು ತೆರೆದ ಮೇಲೆ ಒಳಗೆ ಹೋದ. ಅವನಿಗೆ ಮರಾಠಿಯಲ್ಲಿ ತರಕಾರಿ ಚೌಕಾಸಿ ಮಾಡಲು ಬರುತ್ತಿತ್ತು, ಸಿಟ್ಟಾಗಲು ಬರುತ್ತಿರಲಿಲ್ಲ. ಭಾವಮೈದುನ ಚೆನ್ನಾಗಿ ಉಣ್ಣುತ್ತಾನೆ, ಚೆನ್ನಾಗಿ ನಿದ್ದೆ ಮಾಡುತ್ತಾನೆ ಎಂದಷ್ಟೇ ಹೇಳಲಾಯಿತು. ವಕೀಲರು ಬಹಳ ಸಂತೋಷವೆಂದು ಕೈಕುಲುಕಿ ಕಳಿಸಿದರು.

ಇನ್ನು ಕನ್ನಡದ ವಕೀಲರೇ ಬೇಕೆಂದು ಗಲ್ಲಿ ಗಲ್ಲಿ ವಿಚಾರಿಸಿ ಚಂದ್ರಪ್ಪನವರನ್ನು ಹಿಡಿದ. ಅವರು ಮೊದಲು ಫೀ ಎಣಿಸಿ ಕಿಸೆಗೆ ಹಾಕಿಕೊಂಡರು. ಮಧುಕರ ಇಷ್ಟು ದಿನದ ಸಂಕಟವನ್ನೆಲ್ಲ ಧಾರವಾಡದ ಭಾಷೆಯಲ್ಲಿ ಹೊರಹಾಕಿ ಹಗುರಾದ. ಚಂದ್ರಪ್ಪನವರು ಪೆನ್ನು ತೆರೆದರು.

"ನಿಮ್ಮ ಹೆಂಡ್ರು ಯಾರ ಪೈಕಿರಿ?"

ಇಬ್ಬರು ಕನ್ನಡದವರು ಸೇರಿದರೆ ಇದನ್ನು ಕೇಳದೆ ನೀರೂ ಕುಡಿಯುವುದಿಲ್ಲ. ಮಧುಕರ ಪಾಪ, ಓಣಿಯಿಂದ ಹಿಡಿದು ಅಜ್ಜಿಯ ಹೆಸರಿನ ತನಕ ಹೇಳಿಬಿಟ್ಟ. ವಕೀಲರ ತಾಯಿಯೂ ನರ್ಮದಾಳ ತಾಯಿಯೂ ಅಕ್ಕತಂಗಿಯರ ಮಕ್ಕಳೆಂದು ಹೊರಬಿತ್ತು.

"ಅಂದ್ರ ನರ್ಮದಾ ನನಗ ತಂಗಿ, ವಿಕಾಸ ತಮ್ಮ. ತಮ್ಮಗ ನಾ ಹ್ಯಾಂಗ ನೋಟೀಸ್ ಕೊಡ್ಲಿರಿ?"

ತಂಗಿ ಗಂಡನ ಫೀ ಮುಟ್ಟುವುದು ಪಾಪವೆಂದೂ ಅವರೇ ಹೇಳಿದಾಗ ಮಧುಕರನಿಗೆ ಹೋದ ಜೀವ ಬಂತು. ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟವರು ಸೀರೆ ಅಂಗಡಿಯ ಮುಂದೆ ನಿಲ್ಲಿಸಿದರು. ಮೊದಲ ಸಲ ತಂಗಿಯ ಮನೆಗೆ ಬರಿಗೈಲಿ ಹೋಗುವುದುಂಟೇ? ಫೀ ಅಷ್ಟೂ ಒಂದು ಇಳಕಲ್ ಸೀರೆಯಾಯಿತು. ಕಕ್ಷಿದಾರನ ಗುಟ್ಟು ತಾನು ಸತ್ತರೂ ಬಿಡುವುದಿಲ್ಲ, ದಾರಿಯಲ್ಲಿ ಪರಿಚಯವಾಯಿತೆಂದು ಹೇಳಿದರಾಯಿತು ಎಂದು ಧೈರ್ಯ ಬೇರೆ ತುಂಬಿದರು.

ನರ್ಮದಾ ಸೀರೆಯನ್ನು ಎದೆಗವಚಿಕೊಂಡು ಅತ್ತೇಬಿಟ್ಟಳು. ವಿಕಾಸ ಹೊಸ ಅಣ್ಣನ ಕಾಲಿಗೆ ಬಿದ್ದ. ಪುಣೆಯಲ್ಲಿ ನಮ್ಮವರು ಯಾರೂ ಇಲ್ಲವೆಂದು ಬೇಜಾರಾಗಿ ನಾಳೆಗೆ ಊರಿನ ಟಿಕೆಟ್ ತೆಗೆಸಿದ್ದನಂತೆ. ಅಲ್ಲೇ ಮೊಬೈಲು ತೆಗೆದು ಅದನ್ನು ರದ್ದು ಮಾಡಿದ.

"ನೋಡ್ರಿ, ಇವತ್ತ ಸಿಕ್ಕ ಅಣ್ಣ ಇಳಕಲ್ ಸೀರಿ ತಂದಾನ," ಎಂದಳು ನರ್ಮದಾ. "ಮದವಿ ಆದಾಗಿಂದ ನೀವು ಒಂದರ ತಂದೀರೇನು?"

ಬಾಯಿಬಿಟ್ಟರೆ ನೋಟೀಸಿನ ಕತೆಯೂ ಹೊರಗೆ ಬರುತ್ತಿತ್ತು. ಮಧುಕರ ಚಂದ್ರಪ್ಪನವರ ಮುಖ ನೋಡಿದ. ಊಟಕ್ಕೆ ಕೂತಿದ್ದ ಅವರು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತ, ತಂಗಿಯ ಮಾತು ಖರೇ ಎಂಬಂತೆ ತಲೆಯಾಡಿಸುತ್ತಿದ್ದರು.