ಮೊಯಿಶೆಯ ಶೂ ಲೇಸು

ನಾನು ಕೋಪಿಷ್ಠನಲ್ಲ. ಸುತ್ತಮುತ್ತಲಿನವರು ಸರಿಯಾಗಿ ನಡೆದುಕೊಂಡರೆ ನನ್ನಷ್ಟು ಶಾಂತ ಮನುಷ್ಯ ಸಿಗಲಾರ. ಈ ಸರಳ ಸಂಗತಿಯನ್ನು ನನ್ನ ಹೆಂಡತಿ ಸರೋಜಳಿಗೆ ಮದುವೆಯಾದಾಗಿನಿಂದ ವಿವರಿಸುತ್ತಲೇ ಬಂದಿದ್ದೇನೆ. ಅವಳು ಒಪ್ಪುವುದಿಲ್ಲ, ಆಗ ನನಗೆ ಕೋಪ ಬರುತ್ತದೆ. ಮೈಸೂರಿನ ನಮ್ಮ ಮನೆಯಲ್ಲಿ ಕೋಪಕ್ಕೆ ಒಂದು ಮರ್ಯಾದೆಯಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ನಮ್ಮ ತಾತ ಎಲೆ ಬಿಟ್ಟು ಎದ್ದುಬಿಡುತ್ತಿದ್ದರು. ಅಜ್ಜಿ ಬಂದವರ ಮುಂದೆ "ನಮ್ಮ ಯಜಮಾನ್ರು ಸಾಕ್ಷಾತ್ ದುರ್ವಾಸರು" ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಅದೇ ಪಿತ್ರಾರ್ಜಿತವನ್ನು ನಾನು ನ್ಯೂಜೆರ್ಸಿಗೆ ತಂದಾಗ ಅದು ಇಲ್ಲಿ ಚಲಾವಣೆಯಲ್ಲಿಲ್ಲ ಎಂದು ತಿಳಿಯಿತು. ಆಫೀಸಿನಲ್ಲಿ ಕೂಗಾಡಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ ಹೋಗುತ್ತದೆ. ಹಾಗಾಗಿ ನ್ಯೂಅರ್ಕಿನಲ್ಲಿ ಸೇತುವೆಗಳ ಡ್ರಾಯಿಂಗ್ ಹಾಕುತ್ತ ದಿನವೆಲ್ಲ ನುಂಗಿಕೊಂಡಿದ್ದನ್ನು ಸಂಜೆಯ ರೈಲಿನಲ್ಲಿ ಜೋಪಾನವಾಗಿ ಮನೆಗೆ ತರುತ್ತಿದ್ದೆ.

ಮನೆಯಲ್ಲಿ ಅದು ನನ್ನ ಮಗಳು ಮೀರಾಳ ಪಾಲಿಗೆ ಬರುತ್ತಿತ್ತು, ಲೆಕ್ಕದ ರೂಪದಲ್ಲಿ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಅವಳಿಗೆ ಎಂಟು ವರ್ಷ. ಇಲ್ಲಿಯ ಶಾಲೆಗಳು ಬೇಸಿಗೆಯಲ್ಲಿ ಎರಡು ತಿಂಗಳಿಗೂ ಮೀರಿ ರಜ ಕೊಟ್ಟುಬಿಡುತ್ತವೆ, ಮಕ್ಕಳ ಕೈಗೆ ಒಂದು ಪುಸ್ತಕವನ್ನೂ ಕೊಡದೆ. ಅದನ್ನು ನೋಡಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮೈಸೂರಿನಿಂದ ಲೆಕ್ಕದ ಪುಸ್ತಕ ತರಿಸಿದೆ. ದಿನಕ್ಕೆ ಹತ್ತು ಲೆಕ್ಕ; ಸಂಜೆ ನಾನು ಬಂದು ಕಾಫಿ ಕುಡಿಯುವಾಗ ತೋರಿಸಬೇಕು. ಏಳೆಂಟಲ ಐವತ್ತನಾಲ್ಕು ಎಂದು ಬರೆದಿರುತ್ತಿದ್ದಳು. ಕಾಫಿ ಆರುತ್ತಿತ್ತು, ನಾನು ಏರುತ್ತಿದ್ದೆ. "ಡ್ಯಾಡಿ, ಯೂ ಆರ್ ಯೆಲ್ಲಿಂಗ್" ಎನ್ನುತ್ತಿದ್ದಳು. "ಕೂಗ್ತಿಲ್ಲ, ವಿವರಿಸ್ತಿದೀನಿ!" ಎಂದು ನಾನು ಹೇಳಿದ್ದು ಬೀದಿಯ ಆ ತುದಿಯ ಮನೆಗೂ ಅರ್ಥವಾಗುತ್ತಿತ್ತು. ಒಳಗಿನಿಂದ ಸರೋಜ, "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರತ್ತೇನ್ರೀ?" ಎಂದು ಗಾದೆ ಹೇಳುತ್ತಿದ್ದಳು. ನಾನು ಯಾರ ಮೂಗನ್ನೂ ಕೊಯ್ದಿರಲಿಲ್ಲವಾದ್ದರಿಂದ ಆ ಗಾದೆ ನನಗೆ ಅನ್ವಯಿಸುವುದಿಲ್ಲವೆಂದುಕೊಂಡಿದ್ದೆ.

ಆಗಸ್ಟ್‌ನ ಒಂದು ಸಂಜೆ ಮೀರಾ ಪುಸ್ತಕ ಹಿಡಿದು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಸರೋಜಳನ್ನು ಕೇಳಿದೆ.

"ಅವಳ್ದು ಆಗ್ಲೇ ಮುಗೀತು. ಕೆಳಗಡೆ ಮೊಯಿಶೆ ಹತ್ರ ತೋರಿಸ್ಕೊಂಡ್ಳು" ಎಂದಳು.

ನಾವಿದ್ದದ್ದು ಹೈಲೆಂಡ್ ಪಾರ್ಕಿನಲ್ಲಿ, ಒಂದು ಹಳೆಯ ಮನೆಯ ಮಹಡಿಯಲ್ಲಿ. ಕೆಳಗೆ ಮನೆಯೊಡತಿ ಮಿಸೆಸ್ ಫ್ರೀಡ್. ಯಹೂದಿ ಹೆಂಗಸು, ವಿಧವೆ. ಮಾತು ಶುರುಮಾಡಿದರೆ ಅದನ್ನು ನಿಲ್ಲಿಸುವುದು ಆಕೆಯ ಕೈಯಲ್ಲೂ ಇರಲಿಲ್ಲ. ಆಕೆಯ ಒಬ್ಬನೇ ಮಗ ಮೊಯಿಶೆ, ಇಪ್ಪತ್ತರ ಹುಡುಗ. ದೂರದ ಯೆಶಿವದಲ್ಲಿದ್ದ. ಯೆಶಿವ ಎಂದರೆ ಅವರ ವೇದಪಾಠಶಾಲೆ ಎಂದಿಟ್ಟುಕೊಳ್ಳಿ: ಬೆಳಗಿನಿಂದ ರಾತ್ರಿಯವರೆಗೆ ಧರ್ಮಗ್ರಂಥ, ಎದುರುಬದುರು ಕೂತು ವಾದ. ಬೇಸಿಗೆಯಲ್ಲಿ ಮೂರು ವಾರ ಬಿಡುವು. ಆ ಸೆಕೆಯಲ್ಲೂ ತೋಳುದ್ದದ ಬಿಳಿ ಅಂಗಿ, ಕರಿ ಟೋಪಿ, ಕರಿ ಶೂ ಹಾಕಿಕೊಂಡು ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದ.

ನನ್ನ ಮಗಳು ಲೆಕ್ಕ ತೋರಿಸಲು ನನ್ನನ್ನು ಬಿಟ್ಟು ಮೆಟ್ಟಿಲಿಳಿದು ಹೋದಳಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಹೊಟ್ಟೆಯುರಿ ಎಂಬುದು ಮರ್ಯಾದೆಯ ಮಾತು, ನೋವೇ ಆಯಿತು. ಇಂಜಿನಿಯರು ನಾನು. ನಾನು ಕೂಡಿ ಕಳೆದ ಸೇತುವೆಗಳ ಮೇಲೆ ಲಾರಿಗಳು ಓಡಾಡುತ್ತಿವೆ. ಮಾರನೆಯ ಸಂಜೆ ಕಾಫಿ ಲೋಟ ಹಿಡಿದುಕೊಂಡೇ ಕೆಳಗಿಳಿದೆ.

ಮೆಟ್ಟಿಲ ಮೇಲೆ ಮೀರಾ, ಮೊಯಿಶೆ. ಪಕ್ಕದ ಕುರ್ಚಿಯಲ್ಲಿ ಮಿಸೆಸ್ ಫ್ರೀಡ್. ಏಳೆಂಟಲ ಎಷ್ಟೆಂದು ಅವನು ಹೇಳಿಕೊಡುತ್ತಿರಲಿಲ್ಲ. "ಐವತ್ತನಾಲ್ಕು ಯಾಕೆ?" ಎಂದು ಅವಳನ್ನೇ ಕೇಳುತ್ತಿದ್ದ, ಅದಕ್ಕೂ ಏನೋ ಘನವಾದ ಕಾರಣವಿರಬಹುದು ಎಂಬಂತೆ. ನಾನು ತಡೆಯಲಾರದೆ, ಮಗ್ಗಿಯನ್ನು ಹಾಗೆ ಕಲಿಸಬಾರದು, ಬಾಯಿಪಾಠ ಮಾಡಿಸಬೇಕು ಎಂದೆ. ಮೊಯಿಶೆ ಬಗ್ಗಿ ಶೂ ಲೇಸು ಬಿಚ್ಚಿ ಕಟ್ಟಿಕೊಂಡ. ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು. ಎದ್ದು, "ಹೌದು ಸರ್, ಅದೂ ಒಂದು ದಾರಿ" ಎಂದ.

ಮಾತು ಬೆಳೆಯಲಿ ಎಂದು, ರಜದಲ್ಲಿ ಓದುವುದಿಲ್ಲವೇ ಎಂದು ಕೇಳಿದೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ: "ಬೆಳಿಗ್ಗೆ ಸ್ವಲ್ಪ ಓದ್ತೀನಿ ಸರ್. ಆದ್ರೆ ನಮ್ಮ ಗುರುಗಳು ಹೇಳೋದು, ಪಾಠಶಾಲೇಲಿ ಒಳ್ಳೆಯವನಾಗಿರೋದು ಸುಲಭ, ಅಲ್ಲಿ ಮನೆಯವರು ಯಾರೂ ಇರಲ್ಲ. ಓದಿದ್ದು ಒಳಗೆ ಇಳಿದಿದೆಯೋ ಇಲ್ಲವೋ ಅಂತ ರಜದಲ್ಲೇ ಗೊತ್ತಾಗೋದು."

ಆಹಾ, ಇದು ನಮ್ಮಲ್ಲೂ ಇದೆ ಎಂದು ನಾನು ಸ್ಥಿತಪ್ರಜ್ಞನ ಲಕ್ಷಣಗಳನ್ನು ಸುಮಾರು ಅರ್ಧ ಗಂಟೆ ವಿವರಿಸಿದೆ. ಕ್ರೋಧವನ್ನು ಗೆಲ್ಲುವುದು ಹೇಗೆ ಎಂಬ ಭಾಗಕ್ಕೆ ಬಂದಾಗ ಮೀರಾ ನಡುವೆ ಬಾಯಿ ಹಾಕಿದ್ದಕ್ಕೆ ಒಮ್ಮೆ ಗದರಬೇಕಾಯಿತು. ಆ ಅರ್ಧ ಗಂಟೆಯಲ್ಲಿ ಮೊಯಿಶೆ ನಾಲ್ಕು ಸಲ ಬಗ್ಗಿ ಲೇಸು ಕಟ್ಟಿದ.

ಇಂಜಿನಿಯರನ ಕಣ್ಣಿಗೆ ಇಂಥದ್ದು ಬೀಳದೆ ಇರುವುದಿಲ್ಲ. ಪಾಪ, ಓದುವ ಹುಡುಗ, ಗಂಟು ಹಾಕುವುದು ಗೊತ್ತಿಲ್ಲ. ಮುಂದಿನ ನಾಲ್ಕೈದು ಸಂಜೆ ನಾನು ಕೆಳಗಿಳಿದು ಅವನಿಗೆ ಗಂಟಿನ ಶಾಸ್ತ್ರ ಹೇಳಿಕೊಟ್ಟೆ: ಹಗ್ಗದ ಎಳೆತ, ಘರ್ಷಣೆ, ಇಮ್ಮಡಿ ಕುಣಿಕೆ. ಎಷ್ಟು ವಿವರಿಸಿದರೂ ಅವನ ಲೇಸು ಮತ್ತಷ್ಟು ಸಲ ಬಿಚ್ಚಿಕೊಳ್ಳುತ್ತಿತ್ತು. ಕೊನೆಗೆ ಲೇಸಿನದೇ ದೋಷವಿರಬೇಕೆಂದು ನ್ಯೂಅರ್ಕಿನ ಅಂಗಡಿಯೊಂದರಿಂದ ಮೇಣ ಸವರಿದ ಗಟ್ಟಿ ಲೇಸು ಒಂದು ಜೊತೆ ತಂದೆ. ಮೊಯಿಶೆ ಎಲ್ಲೋ ಹೋಗಿದ್ದ. ಮಿಸೆಸ್ ಫ್ರೀಡ್ ಕೈಗೆ ಕೊಟ್ಟೆ.

ಆಕೆ ಲೇಸು ನೋಡಿದರು, ನನ್ನನ್ನು ನೋಡಿದರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅವನ ಲೇಸಿಗೆ ಏನಾಗಿದೆ ಮಿಸ್ಟರ್ ರಾವ್? ಕಬ್ಬಿಣದ ಹಾಗಿದೆ. ಸಿಟ್ಟು ಬಂದಾಗ ಬಾಯಿ ತೆರೆಯೋಕ್ಕೆ ಮುಂಚೆ ಕೈಗೊಂದು ಕೆಲಸ ಕೊಡು ಅಂತ ಅವನ ಗುರು ಹೇಳಿ ಕಳಿಸಿದಾರೆ. ಈ ರಜದ ಪಾಠ ಅದೊಂದೇ. ನನ್ನ ಹತ್ರ ಏನೂ ಹೇಳಿರಲಿಲ್ಲ, ನಾನೇ ಕೇಳಿ ಕೇಳಿ ಬಾಯಿ ಬಿಡಿಸಿದೆ. ನಾನು ಮಾತಾಡಿದ್ರೆ ದಿನಕ್ಕೆ ಹತ್ತು ಸಲ ಕಟ್ತಾನೆ." ಆಮೇಲೆ ಅತ್ಯಂತ ಮರ್ಯಾದೆಯಿಂದ ಹೇಳಿದರು: "ನೀವು ಬಂದ ಮೇಲೆ ನನ್ನ ಲೆಕ್ಕ ಏನೇನೂ ಅಲ್ಲ."

ನಾನು ಮಹಡಿ ಹತ್ತಿ ಬಂದೆ. ಒಬ್ಬನ ಆತ್ಮೋನ್ನತಿಗೆ ನಾನು ಇಷ್ಟು ಕಾರಣನಾಗಿದ್ದೇನೆಂಬುದು ಸಣ್ಣ ವಿಷಯವಲ್ಲ. ಆದರೂ ಖುಷಿಯಾಗಲಿಲ್ಲ. ಪರರ ಹುಡುಗ ಒಂದು ವಾರ ಸಹಿಸಿದ್ದನ್ನು ನನ್ನ ಎಂಟು ವರ್ಷದ ಮಗಳು ವರ್ಷಗಟ್ಟಲೆ ಸಹಿಸಿದ್ದಾಳೆ, ಅದೂ ಕಟ್ಟಿಕೊಳ್ಳಲು ಲೇಸೂ ಇಲ್ಲದೆ.

ನಾನೂ ಪ್ರಯತ್ನಿಸಬೇಕೆಂದು ನಿಶ್ಚಯಿಸಿದೆ. ತೊಡಕೆಂದರೆ, ನಮ್ಮದು ಬಾಗಿಲಲ್ಲೇ ಶೂ ಬಿಡುವ ಮನೆ. ಬರಿಗಾಲಿನವನು ಏನು ಕಟ್ಟಬೇಕು? ಮರುದಿನ ಸರೋಜ ಹಾಲು ಉಕ್ಕಿಸಿದಾಗ ಮಾತು ಗಂಟಲಿಗೆ ಬಂತು. ಎದ್ದು ಬಾಗಿಲಿಗೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಕಾಲಿಲ್ಲದ ಶೂಗಳ ಲೇಸು ಬಿಚ್ಚಿ ಕಟ್ಟಿದೆ. "ಎಲ್ಲಿಗ್ರೀ ಹೊರಟ್ರಿ?" ಎಂದಳು. "ಎಲ್ಲಿಗೂ ಇಲ್ಲ" ಎಂದೆ. ಆ ವಾರ ಹೀಗೆ ಎಲ್ಲಿಗೂ ಹೋಗದೆ ನಾನು ಎಷ್ಟೋ ಸಲ ಹೊರಟೆ. ಸರೋಜ ನನ್ನನ್ನು ಡಾಕ್ಟರಿಗೆ ತೋರಿಸುವ ಮಾತೆತ್ತಿದಳು. ಅದಕ್ಕೂ ಒಂದು ಸಲ ಹೋಗಿ ಕಟ್ಟಿದೆ. ಬಾಗಿಲ ಸಂದಿಯಿಂದ ಮೀರಾ ನೋಡುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಮೊಯಿಶೆಯ ಬಿಡುವು ಮುಗಿಯಿತು. ಹೊರಡುವ ಬೆಳಿಗ್ಗೆ ನಾನು ಕೊಟ್ಟ ಲೇಸನ್ನೇ ಹಾಕಿಕೊಂಡಿದ್ದ. "ತುಂಬ ಉಪಯೋಗವಾಯ್ತು ಸರ್" ಎಂದು ಕೈ ಕುಲುಕಿದ. ಲೇಸಿನಿಂದಲೋ ನನ್ನಿಂದಲೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಅಂದು ಸಂಜೆ ಕಾಫಿ ಹಿಡಿದು ಕೂತಿದ್ದೆ. ಮೀರಾ ಲೆಕ್ಕದ ಪುಸ್ತಕ ಹಿಡಿದು ಹಜಾರದಲ್ಲಿ ಕಾಣಿಸಿಕೊಂಡಳು. ಲೋಟ ಕೆಳಗಿಟ್ಟು ನೆಟ್ಟಗೆ ಕೂತೆ. ಕೆಲಸದ ಇಂಟರ್‌ವ್ಯೂನಲ್ಲೂ ಹಾಗೆ ಕೂತಿರಲಿಲ್ಲ. ಹತ್ತಿರ ಬಂದವಳು ಏನೋ ನೆನೆದು ನಿಂತಳು, ಬಾಗಿಲಿಗೆ ಹಿಂದಿರುಗಿದಳು, ನನ್ನ ಒಂದು ಶೂವನ್ನು ತಂದು ಕುರ್ಚಿಯ ಪಕ್ಕದಲ್ಲಿ ಇಟ್ಟಳು. ಎಡಗಾಲಿನದು. ಮನೆಯೊಳಗೆ ಶೂ ಬಂದದ್ದನ್ನು ಸರೋಜ ನೋಡಿದಳು, ನೋಡಿಯೂ ಅಡಿಗೆಮನೆಗೆ ಹೊರಟುಹೋದಳು.

"ಟೈ ಇಟ್ ಫಸ್ಟ್, ಡ್ಯಾಡಿ" ಎಂದು ಹೇಳಿ ಮೀರಾ ಪುಸ್ತಕ ತೆರೆದಳು.

ಕಟ್ಟಿದೆ. ಆಮೇಲೆ ಲೆಕ್ಕ ನೋಡಿದೆ. ಏಳೆಂಟಲ ಐವತ್ತನಾಲ್ಕು.

"ಬಲಗಾಲಿಂದೂ ತೊಗೊಂಡು ಬಾ ಪುಟ್ಟಿ" ಎಂದೆ.